ಭಾಷೆಯೊಂದು, ಲಿಪಿಯಿನ್ನೊಂದು: ಕಲ್ಯಾಣದುರ್ಗದ ಓದುಗನ ಮುಂದಿರುವ ಜಾಲತಾಣಗಳು

ನಿತ್ಯಜೀವನಕ್ಕೆ ಒದಗುವ ಜಾಲತಾಣಗಳ ಪಟ್ಟಿಗಳು ಕನ್ನಡ ಪತ್ರಿಕೆಗಳಲ್ಲಿ ಆಗಾಗ ಕಾಣಿಸಿಕೊಳ್ಳುತ್ತವೆ. ಪಹಣಿಗೆ ‘ಭೂಮಿ’, ಅರ್ಜಿಗಳಿಗೆ ‘ಸೇವಾ ಸಿಂಧು’, ಪದಗಳ ಅರ್ಥಕ್ಕೆ ‘ಅಲರ್’, ಸಾಮಾನ್ಯ ಜ್ಞಾನಕ್ಕೆ ‘ಕಣಜ’ ಮತ್ತು ವಿಕಿಪೀಡಿಯ ಎಂದು ಅವು ಸಾಗುತ್ತವೆ. ಪಟ್ಟಿಗಳು ಉಪಯುಕ್ತವಾದವು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಅವುಗಳ ಹಿಂದೆ ಬಾಯಿಬಿಟ್ಟು ಹೇಳದ ಒಂದು ಗ್ರಹಿಕೆಯಿದೆ: ಕನ್ನಡ ಓದುವವನು ಕರ್ನಾಟಕದಲ್ಲಿ ವಾಸಿಸುತ್ತಾನೆ. ಅನಂತಪುರ ಜಿಲ್ಲೆಯ ಕಲ್ಯಾಣದುರ್ಗದಲ್ಲಿ ಇದೇ ಪಟ್ಟಿಯನ್ನು ಹಿಡಿದು ಕುಳಿತ ಕನ್ನಡಿಗನಿಗೆ ಅದರ ಅರ್ಧಭಾಗ ಬಿದ್ದುಹೋಗುತ್ತದೆ. ಅವನ ಹೊಲ ‘ಭೂಮಿ’ಯಲ್ಲಿ ಸಿಗದು, ಅವನ ಅರ್ಜಿಯನ್ನು ‘ಸೇವಾ ಸಿಂಧು’ ಸ್ವೀಕರಿಸದು. ಉಳಿಯುವುದು ನಿಘಂಟು ಮತ್ತು ವಿಶ್ವಕೋಶ ಮಾತ್ರ. ಬದುಕಿನ ಕಾಗದಪತ್ರಗಳು ಇನ್ನೊಂದು ಭಾಷೆಗೆ ಹೋಗಿ, ಕನ್ನಡ ಸಾಹಿತ್ಯದ ಓದಿಗಷ್ಟೇ ಉಳಿಯುವ ಈ ವಿಭಜನೆ ಗಡಿನಾಡಿಗೆ ಹೊಸದೇನಲ್ಲ. ಅಂತರಜಾಲ ಅದನ್ನು ಗಟ್ಟಿಗೊಳಿಸಿದೆ.

ಕಾಗದದ ಕಾಲದಲ್ಲಿ ಕನಿಷ್ಠ ತತ್ತ್ವದ ಮಟ್ಟದಲ್ಲಿ ಒಂದು ರಕ್ಷಣೆಯಿತ್ತು. ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಾಗಿ ಕೇಂದ್ರ ಗೃಹ ಸಚಿವಾಲಯ 1956ರಲ್ಲಿ ಹೊರಡಿಸಿದ ಜ್ಞಾಪನಪತ್ರವು, ಒಂದು ಜಿಲ್ಲೆಯಲ್ಲಾಗಲಿ ಪುರಸಭೆ, ತಾಲ್ಲೂಕಿನಂತಹ ಸಣ್ಣ ಪ್ರದೇಶದಲ್ಲಾಗಲಿ ಶೇ 15ರಿಂದ 20ರಷ್ಟು ಅಲ್ಪಸಂಖ್ಯಾತ ಭಾಷಿಕರಿದ್ದರೆ ಮುಖ್ಯ ಪ್ರಕಟಣೆಗಳನ್ನೂ ನಿಯಮಗಳನ್ನೂ ಅವರ ಭಾಷೆಯಲ್ಲಿಯೂ ಮುದ್ರಿಸಬೇಕೆಂದು ಸೂಚಿಸಿತ್ತು. ಅದು ಎಷ್ಟರಮಟ್ಟಿಗೆ ಆಚರಣೆಗೆ ಬಂದಿತು ಎಂಬುದು ಬೇರೆಯೇ ಕಥೆ. ಇಲ್ಲಿ ಗಮನಿಸಬೇಕಾದುದು ಆ ಸೂಚನೆಯ ಅಳತೆಗೋಲನ್ನು. ಅದು ಪ್ರದೇಶವನ್ನು ಅಳೆಯುತ್ತದೆ. ಒಂದು ತಾಲ್ಲೂಕಿನ ನೋಟೀಸು ಫಲಕಕ್ಕೆ ಎರಡು ಭಾಷೆಗಳಿರಬಹುದು. ಜಾಲತಾಣಕ್ಕೆ ತಾಲ್ಲೂಕಿಲ್ಲ, ಅದು ಇಡೀ ರಾಜ್ಯಕ್ಕೆ ಒಂದೇ ಫಲಕ. ರಾಜ್ಯದ ಒಟ್ಟು ಲೆಕ್ಕದಲ್ಲಿ ಕಲ್ಯಾಣದುರ್ಗ, ಮಡಕಶಿರಾ, ಹಿಂದೂಪುರ, ರಾಯದುರ್ಗಗಳ ಕನ್ನಡಿಗರು ಕಣ್ಣಿಗೆ ಬೀಳದಷ್ಟು ಚಿಕ್ಕ ಸಂಖ್ಯೆಯಾಗುತ್ತಾರೆ.

ಭೂದಾಖಲೆಯ ಉದಾಹರಣೆಯಲ್ಲಿ ಇದು ನಿಚ್ಚಳವಾಗುತ್ತದೆ. ಕರ್ನಾಟಕ 2000ದ ದಶಕದ ಆರಂಭದಲ್ಲಿಯೇ ಕೈಬರಹದ ಪಹಣಿಯನ್ನು ಕಂಪ್ಯೂಟರಿಗೆ ಒಪ್ಪಿಸಿ ಆ ಯೋಜನೆಗೆ ‘ಭೂಮಿ’ ಎಂದು ಹೆಸರಿಟ್ಟಿತು. ಆಂಧ್ರಪ್ರದೇಶ 2015ರಲ್ಲಿ ತೆರೆದ ತಾಣದ ಹೆಸರು ‘ಮೀ ಭೂಮಿ’, ಅಂದರೆ ‘ನಿಮ್ಮ ಭೂಮಿ’. ಹೆಸರುಗಳು ಇಷ್ಟು ಹತ್ತಿರ, ಒಳಗಿನ ಪದಕೋಶ ಮಾತ್ರ ದೂರ. ಇಲ್ಲಿ ಪಹಣಿಯಿಲ್ಲ, ಅಡಂಗಲ್ ಇದೆ. ಖಾತೆಯ ವಿವರಕ್ಕೆ ‘ಒನ್-ಬಿ’ ಇದೆ. 1985ರಲ್ಲಿ ಮಂಡಲ ವ್ಯವಸ್ಥೆ ಬಂದ ಮೇಲೆ ತಾಲ್ಲೂಕು ಎಂಬ ಪದವೂ ಆಂಧ್ರದ ಆಡಳಿತದಿಂದ ಹೊರಬಿದ್ದಿತು. ಹೋಬಳಿಯಂತೂ ಅಲ್ಲಿಗೆ ಅಪರಿಚಿತ. ಕುಂದುರ್ಪಿ ಅಥವಾ ಶೆಟ್ಟೂರಿನ ರೈತನೊಬ್ಬನು ಮನೆಯಲ್ಲಿ ಕನ್ನಡ ಮಾತನಾಡಿದರೂ ‘ಪಹಣಿ’ ಎಂದು ಹುಡುಕಿದರೆ ನೆರೆರಾಜ್ಯದ ದಾಖಲೆಯ ಬಾಗಿಲಿಗೆ ಹೋಗಿ ನಿಲ್ಲುತ್ತಾನೆ. ಅವನು ಹುಡುಕಬೇಕಾದುದು ‘ಅಡಂಗಲ್’ ಎಂದು. ಆದ್ದರಿಂದ ಗಡಿನಾಡಿಗೆ ಬೇಕಾದ ಮೊದಲ ಕೈಪಿಡಿ ತಾಣಗಳ ವಿಳಾಸಗಳ ಪಟ್ಟಿಯಲ್ಲ. ಒಂದೇ ವಸ್ತುವಿಗೆ ಎರಡು ಆಡಳಿತಗಳು ಕೊಟ್ಟಿರುವ ಹೆಸರುಗಳ ಪಟ್ಟಿ. ಮೆಟ್ಟ ಎಂದರೆ ಖುಷ್ಕಿ, ಮಾಗಾಣಿ ಎಂದರೆ ತರಿ ಎಂಬ ಇಂಥ ನೂರು ಪದಗಳು ಒಂದೆರಡು ಪುಟಗಳಲ್ಲಿ ಮುಗಿಯುತ್ತವೆ.

‘ಮೀ ಭೂಮಿ’ಯ ಭಾಷೆಗಳು ತೆಲುಗು ಮತ್ತು ಇಂಗ್ಲಿಷ್. ಇಲ್ಲಿ ಸಮಸ್ಯೆಯನ್ನು ಸರಿಯಾಗಿ ಗುರುತಿಸುವುದು ಅಗತ್ಯ. ಕಲ್ಯಾಣದುರ್ಗದ ಕನ್ನಡಿಗನಿಗೆ ತೆಲುಗು ತಿಳಿಯದು ಎಂಬ ಮಾತು ನಿಜವಲ್ಲ. ಸಂತೆಯಲ್ಲಿ, ಕಚೇರಿಯಲ್ಲಿ, ಬಸ್ಸಿನಲ್ಲಿ ಅವನು ತೆಲುಗಿನಲ್ಲಿಯೇ ವ್ಯವಹರಿಸುತ್ತಾನೆ. ತೊಡಕು ಇರುವುದು ಲಿಪಿಯಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ತೆಲುಗು ಕಿವಿಗೆ ಹತ್ತಿರ, ಕಣ್ಣಿಗೆ ದೂರ. ತೆಲುಗು ಮಾಧ್ಯಮದಲ್ಲಿ ಓದಿದ ಅವರ ಮಕ್ಕಳ ಸ್ಥಿತಿ ಇದಕ್ಕೆ ತಿರುಗುಮುರುಗು. ಈ ಅಂತರ ಅನುವಾದದಿಂದ ತುಂಬುವಂಥದಲ್ಲ. ಗೂಗಲ್ 2011ರಲ್ಲಿಯೇ ಕನ್ನಡ ಮತ್ತು ತೆಲುಗು ಭಾಷೆಗಳನ್ನು ತನ್ನ ಅನುವಾದ ಸೇವೆಗೆ ಸೇರಿಸಿತು. ಕೇಂದ್ರ ಸರ್ಕಾರದ ‘ಭಾಷಿಣಿ’ 2022ರಲ್ಲಿ ಬಂದಿತು. ಸುದ್ದಿ ಓದಲು ಇವು ಸಾಕು. ದಾಖಲೆಯ ವಿಷಯದಲ್ಲಿ ಯಂತ್ರಾನುವಾದ ಅಪಾಯಕಾರಿ, ಏಕೆಂದರೆ ವ್ಯಕ್ತಿಯ ಹೆಸರು, ಊರ ಹೆಸರು, ಹೊಲದ ಹೆಸರುಗಳನ್ನು ಸಾಮಾನ್ಯ ಪದಗಳೆಂದು ತಿಳಿದು ಅದು ಅರ್ಥ ಹೇಳಲು ಹೊರಡಬಹುದು. ಅಡಂಗಲ್ಲಿನಲ್ಲಿ ಹೆಸರಿಗಿಂತ ಮುಖ್ಯವಾದುದು ಯಾವುದೂ ಇಲ್ಲ.

ಹೀಗಿರುವಾಗ ಉಪಯುಕ್ತ ತಾಣಗಳ ಯಾವ ಪಟ್ಟಿಯಲ್ಲಿಯೂ ಸಾಮಾನ್ಯವಾಗಿ ಸೇರದ, ವಿದ್ವಾಂಸರ ಸಾಧನವೆಂದೇ ಪರಿಗಣಿತವಾದ ಒಂದು ತಾಣ ಇಲ್ಲಿ ಅತ್ಯಂತ ಪ್ರಯೋಜನಕಾರಿಯಾಗುತ್ತದೆ. ಅದು ವಿನೋದ್ ರಾಜನ್ ಅವರು ರೂಪಿಸಿದ ‘ಅಕ್ಷರಮುಖ’ ಎಂಬ ಲಿಪಿ ಪರಿವರ್ತಕ. ತೆಲುಗು ಪಠ್ಯವನ್ನು ಅದಕ್ಕೆ ಕೊಟ್ಟು ಕನ್ನಡ ಲಿಪಿಯನ್ನು ಆರಿಸಿದರೆ ಅಡಂಗಲ್ಲಿನ ಶೀರ್ಷಿಕೆಗಳು ‘ಪಟ್ಟಾದಾರು ಪೇರು’, ‘ಅನುಭವದಾರು ಪೇರು’, ‘ವಿಸ್ತೀರ್ಣಂ’ ಎಂದು ಮೂಡುತ್ತವೆ. ಯಾವ ಕನ್ನಡಿಗನಿಗೆ ಇದನ್ನು ವಿವರಿಸಬೇಕು? ‘ಕಳ್ಯಾಣದುರ್ಗಂ’ ಎಂದು ಬಂದಾಗ ಊರು ತನ್ನದೇ ಎಂದು ಅವನಿಗೆ ತಿಳಿಯುತ್ತದೆ. ಹೆಸರು ಹೆಸರಾಗಿಯೇ ಉಳಿಯುತ್ತದೆ.

ಈ ಪರಿವರ್ತನೆ ಇಷ್ಟು ಸುಲಭವಾಗಲು ಒಂದು ತಾಂತ್ರಿಕ ಕಾರಣವಿದೆ. ಭಾರತೀಯ ಲಿಪಿಗಳಿಗೆ ಸಮಾನ ವಿನ್ಯಾಸವನ್ನು ಕೊಟ್ಟ ‘ಇಸ್ಕಿ’ ಸಂಕೇತವನ್ನು ಅನುಸರಿಸಿ ಯುನಿಕೋಡ್ ಪ್ರತಿ ಲಿಪಿಗೂ 128 ಮನೆಗಳನ್ನು ಮೀಸಲಿಟ್ಟಿತು. ತೆಲುಗಿನ ಮನೆಗಳು 3072ರಿಂದ 3199ರವರೆಗೆ. ಅದಕ್ಕೆ ಅಂಟಿಕೊಂಡೇ ಕನ್ನಡದ ಮನೆಗಳು 3200ರಿಂದ 3327ರವರೆಗೆ. ತೆಲುಗಿನ ‘ಕ’ 3093ರಲ್ಲಿದ್ದರೆ ಕನ್ನಡದ ‘ಕ’ 3221ರಲ್ಲಿದೆ. ಬಹುಪಾಲು ಅಕ್ಷರಗಳಿಗೆ 128ನ್ನು ಕೂಡಿಸಿದರೆ ತೆಲುಗು ಪುಟ ಕನ್ನಡ ಅಕ್ಷರಗಳಲ್ಲಿ ಓದಿಸಿಕೊಳ್ಳುತ್ತದೆ. ಭೂಪಟದ ಮೇಲೆ ನೆರೆಯವಾದ ಎರಡು ಭಾಷೆಗಳು ಸಂಕೇತಕೋಷ್ಟಕದಲ್ಲಿಯೂ ಒಂದೇ ಗೋಡೆಯನ್ನು ಹಂಚಿಕೊಂಡಿವೆ! ಸರ್ಕಾರಿ ತಾಣವೊಂದಕ್ಕೆ ‘ಕನ್ನಡ ಲಿಪಿಯಲ್ಲಿ ತೋರಿಸು’ ಎಂಬ ಗುಂಡಿಯನ್ನು ಸೇರಿಸಲು ಅನುವಾದಕರ ತಂಡವೇನೂ ಬೇಕಿಲ್ಲ. ಇಷ್ಟು ಅಗ್ಗದ ಸೌಲಭ್ಯವನ್ನು ಯಾರೂ ಕೇಳಿಲ್ಲದಿರುವುದಕ್ಕೆ ಕಾರಣ, ಗಡಿನಾಡಿನ ಬೇಡಿಕೆಪತ್ರಗಳು ಸದಾ ಭಾಷೆಯನ್ನು ಕೇಳಿ ಲಿಪಿಯನ್ನು ಮರೆತದ್ದಿರಬಹುದು.

ಸಾಧನಕ್ಕೆ ಮಿತಿಗಳೂ ಇವೆ. ಅದಕ್ಕೆ ಬೇಕಾದುದು ಪಠ್ಯ, ಚಿತ್ರವಲ್ಲ. ಸ್ಕ್ಯಾನ್ ಮಾಡಿ ಹಾಕಿದ ಆದೇಶಗಳು, ಯುನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಸುತ್ತೋಲೆಗಳು ಅದರ ಕೈಗೆ ಸಿಗುವುದಿಲ್ಲ. ಕರ್ನಾಟಕದ ಕಚೇರಿಗಳೂ ಈ ದೋಷದಿಂದ ಮುಕ್ತವಾಗಿಲ್ಲ.

ಬೇರೆ ಅಗತ್ಯಗಳನ್ನು ಬೇಗ ನೋಡಿ ಮುಗಿಸಬಹುದು. ಶೇಂಗಾ ಬೆಳೆಯುವ ಈ ಮಳೆಯಾಶ್ರಿತ ಸೀಮೆಗೆ ಚಳ್ಳಕೆರೆ, ಬಳ್ಳಾರಿ ಮಾರುಕಟ್ಟೆಗಳ ಧಾರಣೆ ತಿಳಿಯಬೇಕಾದ ವಿಷಯ. ಅದನ್ನು ಕರ್ನಾಟಕದ ‘ಕೃಷಿ ಮಾರಾಟ ವಾಹಿನಿ’ ಒದಗಿಸುತ್ತದೆ. ಧಾರಣೆ ಓದುವವನ ರಾಜ್ಯ ಯಾವುದೆಂದು ಅದು ಕೇಳುವುದಿಲ್ಲ. ಶಾಲಾ ಪಠ್ಯಕ್ಕಾಗಿ ಕೇಂದ್ರದ ‘ದೀಕ್ಷಾ’ ತಾಣ ಮೊದಲು ಮಂಡಳಿಯನ್ನು, ಆಮೇಲೆ ಮಾಧ್ಯಮವನ್ನು, ಕೊನೆಗೆ ತರಗತಿಯನ್ನು ಕೇಳುತ್ತದೆ. ಈ ಅನುಕ್ರಮ ಶ್ಲಾಘನೀಯ. ರಾಜ್ಯವೂ ಭಾಷೆಯೂ ಎರಡು ಬೇರೆ ಪ್ರಶ್ನೆಗಳೆಂದು ಒಪ್ಪಿಕೊಂಡ ವಿರಳ ವಿನ್ಯಾಸ ಅದು. ‘ಅಲರ್’ ವಿ. ಕೃಷ್ಣ ಅವರ ದಶಕಗಳ ಶ್ರಮದ ಫಲ. 2019ರಲ್ಲಿ ಮುಕ್ತವಾಗಿ ಸಿಕ್ಕ ಈ ನಿಘಂಟಿನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಕನ್ನಡ ಪದಗಳಿವೆ. ಆದರೆ ಅದರ ಅರ್ಥಗಳು ಇಂಗ್ಲಿಷಿನಲ್ಲಿವೆ. ತೆಲುಗಿನ ಕಡೆ ‘ಆಂಧ್ರಭಾರತಿ’ ಹಲವು ನಿಘಂಟುಗಳನ್ನು ಒಂದೇ ಹುಡುಕಾಟಕ್ಕೆ ತಂದಿದೆ. ಎರಡರ ನಡುವೆ ಓಡಾಡಲು ಗಡಿಯವನು ಇಂಗ್ಲಿಷನ್ನು ಬಳಸಿ ಹೋಗಬೇಕು; ಪಕ್ಕದ ಮನೆಗೆ ಊರು ಸುತ್ತಿ ಹೋದಂತೆ.

ಲಿಪಿ ಪರಿವರ್ತನೆಯ ಇನ್ನೊಂದು ದಿಕ್ಕು ಉಳಿದಿದೆ. 20 ಸಾವಿರಕ್ಕೂ ಹೆಚ್ಚು ವಚನಗಳನ್ನು ಹುಡುಕಲು ಅನುವಾಗಿಸಿರುವ ‘ವಚನ ಸಂಚಯ’ವನ್ನು ಮನೆಯಲ್ಲಿ ಕನ್ನಡ ಆಡುತ್ತ ತೆಲುಗು ಮಾಧ್ಯಮದಲ್ಲಿ ಕಲಿಯುವ ಹುಡುಗಿ ತೆಲುಗು ಅಕ್ಷರಗಳಲ್ಲಿ ಓದಬಹುದು. ಕನ್ನಡವನ್ನು ಬೇರೆ ಲಿಪಿಯಲ್ಲಿ ಓದಿಸುವುದು ಶರಣಾಗತಿಯೆಂದು ಭಾಷಾಭಿಮಾನಿಗಳಿಗೆ ತೋರೀತು. ಓದದೆಯೇ ಇರುವುದು ಅದಕ್ಕಿಂತ ದೊಡ್ಡ ನಷ್ಟ. ವಚನಗಳಿಗೆ ಈ ದಾರಿ ಸರಾಗವಾಗಿದೆ. ಮಡಕಶಿರಾ ಬಳಿಯ ಹೇಮಾವತಿಯ ನೊಳಂಬ ಶಾಸನಗಳಂತಹ ಹಳಗನ್ನಡ ಪಠ್ಯಕ್ಕೆ ಬಂದಾಗ ಮಾತ್ರ 128ರ ಲೆಕ್ಕ ತಪ್ಪುತ್ತದೆ. ಕನ್ನಡದ ‘ೞ’ 3294ನೆಯ ಮನೆಯಲ್ಲಿದೆ. ಅದರಿಂದ 128 ಕಳೆದರೆ ಸಿಗುವ 3166ನೆಯ ತೆಲುಗು ಮನೆ ಖಾಲಿ. ತೆಲುಗಿಗೆ ಆ ಅಕ್ಷರ ದೊರೆತದ್ದು 2014ರಲ್ಲಿ, ಬೇರೊಂದು ಮನೆಯಲ್ಲಿ, 3124ರಲ್ಲಿ. ಪರಿವರ್ತಕಕ್ಕೆ ಈ ಒಂದು ಅಕ್ಷರದ ವಿಳಾಸವನ್ನು ಪ್ರತ್ಯೇಕವಾಗಿಯೇ ಹೇಳಿಕೊಡಬೇಕು.