ಟಾಂಟನ್‌ನ ಮೂರು ದಿನ

2011ರ ಜುಲೈನಲ್ಲಿ ಇಂಗ್ಲೆಂಡಿಗೆ ಬಂದಿಳಿದಾಗ ಭಾರತ ಟೆಸ್ಟ್ ಶ್ರೇಯಾಂಕದಲ್ಲಿ ನಂಬರ್ ಒನ್. ಆಗಸ್ಟ್ ಕಳೆಯುವುದರೊಳಗೆ ನಾಲ್ಕಕ್ಕೆ ನಾಲ್ಕೂ ಟೆಸ್ಟ್ ಸೋತಾಗಿತ್ತು. ಲಾರ್ಡ್ಸ್‌ನಲ್ಲಿ 196 ರನ್, ಟ್ರೆಂಟ್‌ಬ್ರಿಜ್‌ನಲ್ಲಿ 319 ರನ್, ಎಜ್‌ಬಾಸ್ಟನ್‌ನಲ್ಲಿ ಇನಿಂಗ್ಸ್ ಮತ್ತು 242, ಓವಲ್‌ನಲ್ಲಿ ಇನಿಂಗ್ಸ್ ಮತ್ತು 8. ಸೆಹ್ವಾಗ್, ಸಚಿನ್, ಲಕ್ಷ್ಮಣ್, ಧೋನಿ ಇದ್ದ ತಂಡದ ಗರಿಷ್ಠ ಮೊತ್ತ 300 ಮಾತ್ರ.

ಪ್ರವಾಸಿ ತಂಡ ಸೋತಾಗಲೆಲ್ಲ ಪಿಚ್, ಮೋಡ, ಟಾಸ್ ಎಂದು ಮಾತು ಶುರುವಾಗುತ್ತದೆ. ನನ್ನ ಮಟ್ಟಿಗೆ ಆ ಸರಣಿಯನ್ನು ಭಾರತ ಕಳೆದುಕೊಂಡಿದ್ದು ಲಾರ್ಡ್ಸ್‌ನಲ್ಲಿ ಮೊದಲ ಚೆಂಡು ಬೀಳುವ ಮುಂಚೆಯೇ.

ಅದಕ್ಕೆ ಆ ವರ್ಷದ ಕ್ಯಾಲೆಂಡರ್ ನೋಡಬೇಕು. ಏಪ್ರಿಲ್ 2ರಂದು ಮುಂಬೈಯಲ್ಲಿ ವಿಶ್ವಕಪ್ ಫೈನಲ್. ಏಪ್ರಿಲ್ 8ಕ್ಕೆ ಐಪಿಎಲ್ ಶುರು, ಮೇ ಕೊನೆಯವರೆಗೆ. ಬೆನ್ನಿಗೇ ವೆಸ್ಟ್ ಇಂಡೀಸ್ ಪ್ರವಾಸ. ಅಲ್ಲಿಗೆ ಸಚಿನ್ ಹೋಗಲಿಲ್ಲ, ಗಾಯದಿಂದಾಗಿ ಸೆಹ್ವಾಗ್, ಗಂಭೀರ್, ಜಹೀರ್ ಕೂಡ ಹೋಗಲಿಲ್ಲ. ಇಂಗ್ಲೆಂಡಿನಲ್ಲಿ ಮೊದಲ ಟೆಸ್ಟ್‌ಗೆ ಮುಂಚೆ ಸಿಕ್ಕಿದ್ದು ಟಾಂಟನ್‌ನಲ್ಲಿ ಸಾಮರ್‌ಸೆಟ್ ವಿರುದ್ಧ ಮೂರು ದಿನಗಳ ಒಂದೇ ಒಂದು ಪಂದ್ಯ. ಅದನ್ನು ನಮಗಿಂತ ಚೆನ್ನಾಗಿ ಬಳಸಿಕೊಂಡವರು ಇಂಗ್ಲೆಂಡ್ ನಾಯಕ ಆಂಡ್ರ್ಯೂ ಸ್ಟ್ರಾಸ್. ಸಾಮರ್‌ಸೆಟ್ ಪರ ಅತಿಥಿಯಾಗಿ ಆಡಿ 78 ಮತ್ತು ಅಜೇಯ 109 ಹೊಡೆದು, ನಮ್ಮ ಬೌಲರ್‌ಗಳನ್ನು ಹತ್ತಿರದಿಂದ ನೋಡಿ ಲಾರ್ಡ್ಸ್‌ಗೆ ಹೋದರು.

ಲಾರ್ಡ್ಸ್‌ನ ಮೊದಲ ದಿನವೇ ಜಹೀರ್ ಖಾನ್ 13.3 ಓವರ್ ಎಸೆದು, 18 ರನ್ನಿಗೆ ಎರಡು ವಿಕೆಟ್ ಪಡೆದು, ತೊಡೆಯ ಹಿಂಭಾಗ ಹಿಡಿದುಕೊಂಡು ಹೊರನಡೆದರು. ಆ ಸರಣಿಯಲ್ಲಿ ಮತ್ತೆ ಬೌಲ್ ಮಾಡಲೇ ಇಲ್ಲ. ತಿಂಗಳುಗಟ್ಟಲೆ ದೀರ್ಘ ಸ್ಪೆಲ್ ಹಾಕದ ದೇಹ ಟೆಸ್ಟ್‌ನ ಭಾರ ಹೊರುವುದು ಹೇಗೆ? ಇದನ್ನು ದುರದೃಷ್ಟ ಎಂದು ಒಪ್ಪಲು ನಾನು ತಯಾರಿಲ್ಲ. ಭುಜದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ಸೆಹ್ವಾಗ್ ಮೂರನೇ ಟೆಸ್ಟ್‌ಗೆ ಬಂದು, ಎಜ್‌ಬಾಸ್ಟನ್‌ನ ಎರಡೂ ಇನಿಂಗ್ಸ್‌ನಲ್ಲಿ ತಾವೆದುರಿಸಿದ ಮೊದಲ ಚೆಂಡಿಗೇ ಔಟಾದರು. ಅದೇ ಪಿಚ್‌ನಲ್ಲಿ ಅಲೆಸ್ಟೇರ್ ಕುಕ್ 294 ಹೊಡೆದಿದ್ದರು.

ಇಂಗ್ಲೆಂಡಿನ ಡ್ಯೂಕ್ಸ್ ಚೆಂಡಿನ ಸೀಮ್ ಎದ್ದು ನಿಂತಿರುತ್ತದೆ, ಹೊಳಪು ಬಹಳ ಹೊತ್ತು ಉಳಿಯುತ್ತದೆ. ಮೂವತ್ತು ನಲವತ್ತು ಓವರ್ ಕಳೆದರೂ ಸ್ವಿಂಗ್ ನಿಲ್ಲುವುದಿಲ್ಲ. ನಮ್ಮ ಪಿಚ್‌ಗಳಲ್ಲಿ ಮುಂಗಾಲು ಚಾಚಿ, ಚೆಂಡು ಏಳುತ್ತಿರುವಾಗಲೇ ಡ್ರೈವ್ ಮಾಡುವ ಕೈ ಅಲ್ಲಿ ಸ್ಲಿಪ್‌ಗೆ ಕ್ಯಾಚ್ ಕೊಡುತ್ತದೆ. ಚೆಂಡು ಕಣ್ಣಿನ ಕೆಳಗೆ ಬರುವವರೆಗೆ ಕಾಯಬೇಕು, ಆಫ್ ಸ್ಟಂಪ್ ಎಲ್ಲಿದೆ ಎಂಬುದು ನೋಡದೆಯೇ ಗೊತ್ತಿರಬೇಕು, ಹೊರಗಿನದನ್ನು ಬಿಡಬೇಕು. ಬಿಡುವುದು ಬಹು ಕಷ್ಟದ ಕಲೆ. ನೆಟ್ಸ್‌ನಲ್ಲಿ ಅದು ಬರುವುದಿಲ್ಲ, ಅಲ್ಲಿ ಔಟಾದವನು ಮುಂದಿನ ಚೆಂಡನ್ನೂ ಆಡುತ್ತಾನೆ.

ಆ ಕಲೆ ಬಲ್ಲವರು ಒಬ್ಬರಿದ್ದರು. ನಾಲ್ಕು ಟೆಸ್ಟ್‌ಗಳಲ್ಲಿ ರಾಹುಲ್ ದ್ರಾವಿಡ್ 461 ರನ್ ಮಾಡಿದರು, ಮೂರು ಶತಕ. ಓವಲ್‌ನಲ್ಲಿ ಇನಿಂಗ್ಸ್ ಆರಂಭಿಸಿ ಕೊನೆಯವರೆಗೂ ಔಟಾಗದೆ 146. ಫಾಲೋಆನ್ ಆಗಿದ್ದರಿಂದ ಕೆಲವೇ ನಿಮಿಷಗಳಲ್ಲಿ ಮತ್ತೆ ಆರಂಭಿಕನಾಗಿ ಕ್ರೀಸ್‌ಗೆ ಬಂದರು. ಅವರು 2000ದಲ್ಲಿ ಕೆಂಟ್ ಪರ ಕೌಂಟಿ ಆಡಿದ್ದವರು. ಇಂಗ್ಲೆಂಡಿಗೆ ಬರುವ ಮುನ್ನ ಕಿಂಗ್‌ಸ್ಟನ್ ಟೆಸ್ಟ್‌ನಲ್ಲಿ 112 ಹೊಡೆದು ಬಂದವರು. ಕೆರಿಬಿಯನ್‌ನಲ್ಲಿ ಆಡಿದ್ದೂ ಲಕ್ಷ್ಮಣ್ ಒದ್ದಾಡಿದರು ಎಂಬುದೂ ನಿಜ. ತಯಾರಿ ರನ್ನಿನ ಖಾತರಿ ಕೊಡುವುದಿಲ್ಲ, ತಯಾರಿಯಿಲ್ಲದಿರುವುದು ಸೋಲಿನ ಖಾತರಿಯನ್ನು ಬಹುಪಾಲು ಕೊಡುತ್ತದೆ.

1971ರಲ್ಲಿ ಅಜಿತ್ ವಾಡೇಕರ್ ಅವರ ತಂಡ ಬೇಸಿಗೆಯುದ್ದಕ್ಕೂ ಕೌಂಟಿಗಳ ವಿರುದ್ಧ ಆಡುತ್ತಾ ಊರೂರು ಸುತ್ತಿತು. ಓವಲ್‌ನಲ್ಲಿ ನಮ್ಮ ಚಂದ್ರಶೇಖರ್ 38 ರನ್ನಿಗೆ ಆರು ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಉರುಳಿಸುವ ಹೊತ್ತಿಗೆ ಆ ತಂಡಕ್ಕೆ ಅಲ್ಲಿನ ಗಾಳಿ, ಮಣ್ಣು ಎರಡೂ ಪರಿಚಯವಾಗಿದ್ದವು. ಈಗ ಅಂಥ ದೀರ್ಘ ಪ್ರವಾಸ ಬರಲಾರದು. 2018ರಲ್ಲಂತೂ ಚೆಲ್ಮ್ಸ್‌ಫರ್ಡ್‌ನ ನಾಲ್ಕು ದಿನಗಳ ಪಂದ್ಯವನ್ನೂ ಮೂರಕ್ಕೆ ಇಳಿಸಿದರು. ಆ ಸರಣಿ 1-4.

ದಾರಿ ಇಲ್ಲವೆಂದಲ್ಲ. 2025ರಲ್ಲಿ ಕೆ.ಎಲ್. ರಾಹುಲ್ ಟೆಸ್ಟ್ ತಂಡಕ್ಕಿಂತ ಮೊದಲೇ ಇಂಗ್ಲೆಂಡಿಗೆ ಹೋಗಿ, ಭಾರತ ‘ಎ’ ಪರ ನಾರ್ತಾಂಪ್ಟನ್‌ನಲ್ಲಿ 116 ಹೊಡೆದರು. ಬಳಿಕ ಐದು ಟೆಸ್ಟ್‌ಗಳಲ್ಲಿ 532 ರನ್, ಸರಣಿ 2-2. ಕ್ಯಾಂಟರ್ಬರಿಯಲ್ಲಿ 204 ಹೊಡೆದಿದ್ದ ಕರುಣ್ ನಾಯರ್‌ಗೆ ಟೆಸ್ಟ್‌ಗಳಲ್ಲಿ ಅದೇ ಫಲ ಸಿಗಲಿಲ್ಲ ಎಂಬ ನೋವು ನನಗಿದೆ. ಆದರೂ ‘ಎ’ ತಂಡದ ಪ್ರವಾಸವನ್ನು ಟೆಸ್ಟ್ ಸರಣಿಯ ಮೊದಲ ಭಾಗವೆಂದೇ ನಡೆಸಬೇಕು, ಹಿರಿಯರನ್ನೂ ಅಲ್ಲಿಗೆ ಕಳಿಸಬೇಕು. ಮುಂದಿನ ಸಲ ವಿದೇಶ ಪ್ರವಾಸದ ವೇಳಾಪಟ್ಟಿ ಪ್ರಕಟವಾದಾಗ ಟೆಸ್ಟ್ ದಿನಾಂಕಗಳನ್ನು ನೋಡುವ ಮೊದಲು, ಆ ಟೆಸ್ಟ್‌ಗಳಿಗೆ ಮುಂಚೆ ನಾಲ್ಕು ದಿನಗಳ ಪಂದ್ಯಗಳು ಎಷ್ಟಿವೆ ಎಂದು ನೋಡಿ.