ಪ್ರಶ್ನೆ ಕೇಳುವವರು ಯಾರು?

ಇತಿಹಾಸದಲ್ಲಿ ಎಂಎ, ಪಿಎಚ್‌ಡಿ ಮಾಡಿದವರು ಮೇಷ್ಟರಾಗುವುದನ್ನು ಬಿಟ್ಟರೆ ಇನ್ನೇನು ಮಾಡಬಹುದು? 1970ರ ದಶಕದ ಅಮೆರಿಕದಲ್ಲಿ ಇದು ಹೊಟ್ಟೆಪಾಡಿನ ಪ್ರಶ್ನೆಯಾಗಿತ್ತು. ಕಾಲೇಜುಗಳಲ್ಲಿ ಹುದ್ದೆಗಳು ಬತ್ತಿದ್ದವು, ಡಾಕ್ಟರೇಟ್ ಪಡೆದವರು ಕೆಲಸವಿಲ್ಲದೆ ಅಲೆಯುತ್ತಿದ್ದರು. 1976ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಬಾರ್ಬರಾ ಕ್ಯಾಂಪಸ್ಸಿನಲ್ಲಿ ಇತಿಹಾಸಕಾರರಾದ ರಾಬರ್ಟ್ ಕೆಲ್ಲಿ ಮತ್ತು ವೆಸ್ಲಿ ಜಾನ್ಸನ್, ಕಾಲೇಜಿನ ಆಚೆ ದುಡಿಯುವ ಇತಿಹಾಸಕಾರರಿಗಾಗಿ, ‘ಸಾರ್ವಜನಿಕ ಇತಿಹಾಸ’ದ ಸ್ನಾತಕೋತ್ತರ ತರಬೇತಿ ಶುರುಮಾಡಿದರು. ಇವತ್ತು ಮ್ಯೂಸಿಯಂ, ಪತ್ರಾಗಾರ, ಹಳೆಯ ಕಟ್ಟಡಗಳ ಸಂರಕ್ಷಣೆ ಎಂದು ಹೊರಡುವ ವಿದ್ಯಾರ್ಥಿಗಳ ದಾರಿಗೆ ಬಿದ್ದ ಮುಖ್ಯ ಅಡಿಗಲ್ಲುಗಳಲ್ಲಿ ಅದೂ ಒಂದು. ಆ ದಾರಿಯ ಬಗ್ಗೆ ನನಗೆ ಗೌರವವಿದೆ, ತಕರಾರೂ ಇದೆ.

ಗೌರವಕ್ಕೆ ಕಾರಣ ಕೆಲ್ಲಿಯವರ ಸ್ವಂತ ದುಡಿಮೆ. ಅವರು ಸಂಶೋಧಿಸಿದ್ದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಕಣಿವೆಯನ್ನು ಕಾಡಿದ ಚಿನ್ನದ ಗಣಿಗಳ ಕಥೆಯನ್ನು. 19ನೇ ಶತಮಾನದಲ್ಲಿ ಅಲ್ಲಿನ ಗಣಿಯವರು ಕೊಳವೆಗಳಿಂದ ರಭಸವಾಗಿ ನೀರು ಚಿಮ್ಮಿಸಿ ಗುಡ್ಡಗಳನ್ನೇ ಕರಗಿಸುತ್ತಿದ್ದರು. ಆ ಮಣ್ಣು, ಜಲ್ಲಿ ನದಿಗಿಳಿದು ಹೂಳು ತುಂಬಿತು, ಹೊಳೆ ಉಕ್ಕಿ ರೈತರ ಹೊಲದ ಮೇಲೆ ಹರಿಯಿತು. ರೈತರು ಕೋರ್ಟಿಗೆ ಹೋದರು. 1884ರಲ್ಲಿ ನ್ಯಾಯಾಧೀಶ ಸಾಯರ್ ಗಣಿಯ ಕೆಸರನ್ನು ನದಿಗೆ ಬಿಡಕೂಡದೆಂದು ತೀರ್ಪಿತ್ತರು. ಇದನ್ನೆಲ್ಲ ಕಡತಗಳಿಂದ ಹೆಕ್ಕಿ ಕೆಲ್ಲಿ 1959ರಲ್ಲಿ ಪುಸ್ತಕ ಬರೆದರು. ಮುಂದೆ ಅದೇ ಪಾಂಡಿತ್ಯವೇ ಅವರನ್ನು ನೀರಿನ ಹಕ್ಕು, ಪ್ರವಾಹಗಳ ಮೊಕದ್ದಮೆಗಳಲ್ಲಿ ಪರಿಣತ ಸಾಕ್ಷಿಯಾಗಿ ಕಟಕಟೆಗೆ ಕರೆದೊಯ್ದಿತು. ಎದುರು ವಕೀಲನ ಪಾಟೀಸವಾಲಿಗೆ ಜಗ್ಗದ ಇತಿಹಾಸ ಬರೆಯುವುದು ಸಣ್ಣ ಮಾತಲ್ಲ. ವಿದ್ಯಾರ್ಥಿಗಳಿಗೂ ಈ ಶಿಸ್ತೇ ಪಾಠವಾಯಿತು: ಗುಂಪಾಗಿ ದುಡಿಯಬೇಕು, ಗಡುವಿನೊಳಗೆ ಮುಗಿಸಬೇಕು, ಇತಿಹಾಸ ಓದದವರಿಗೂ ತಿಳಿಯುವಂತೆ ಬರೆಯಬೇಕು. ಪರೀಕ್ಷಕರ ಕೈ ದಾಟಿ ಹೊರಗೆ ಬಾರದ ನಮ್ಮ ಎಷ್ಟೋ ಪ್ರೌಢಪ್ರಬಂಧಗಳನ್ನು ನೆನೆದರೆ ಈ ಪಾಠದ ಬೆಲೆ ಗೊತ್ತಾಗುತ್ತದೆ.

ತಕರಾರು ಇರುವುದು ಇನ್ನೊಂದು ಕಡೆ. 1978ರಲ್ಲಿ ‘ದ ಪಬ್ಲಿಕ್ ಹಿಸ್ಟೋರಿಯನ್’ ಪತ್ರಿಕೆ ಹೊರಟಾಗ, ಸಾರ್ವಜನಿಕ ಇತಿಹಾಸದಲ್ಲಿ ಇತಿಹಾಸಕಾರ ಬೇರೆಯವರು ಕೇಳಿದ ಪ್ರಶ್ನೆಗೆ ಉತ್ತರ ಹುಡುಕುತ್ತಾನೆ ಎಂದು ಕೆಲ್ಲಿ ಮುಚ್ಚುಮರೆಯಿಲ್ಲದೆ ಬರೆದರು. ಆ ಬೇರೆಯವರು ಯಾರು? ಸರ್ಕಾರ, ಕಂಪನಿ, ನಗರಸಭೆ. ಅಂದರೆ ಸಂಬಳ ಕೊಡುವವರು. ವಿಶ್ವವಿದ್ಯಾಲಯದ ಆಚೆ ಕೆಲಸ ಸಿಕ್ಕ ಮಾತ್ರಕ್ಕೆ ಇತಿಹಾಸ ಜನರದ್ದಾಗುವುದಿಲ್ಲ. ಇಂಥ ಕಚೇರಿಗಳ ಇಂಟರ್ನ್‌ಶಿಪ್ಪಿನಲ್ಲಿ ಪಳಗಿದ ಹುಡುಗಿಗೋ ಹುಡುಗನಿಗೋ ಒಳ್ಳೆಯ ಉತ್ತರ ಕೊಡುವುದು ಕರಗತವಾಗುತ್ತದೆ. ಆ ಪ್ರಶ್ನೆಯೇ ಸರಿಯಿಲ್ಲ ಎನ್ನುವ ಧೈರ್ಯವನ್ನು ಯಾರೂ ಕಲಿಸುವುದಿಲ್ಲ.

ಅದೇ 1978ರಲ್ಲಿ ಸ್ವೀಡನ್ನಿನ ಲೇಖಕ ಸ್ವೆನ್ ಲಿಂಡ್‌ಕ್ವಿಸ್ಟ್, ತಮ್ಮ ಕೆಲಸದ ಚರಿತ್ರೆಯನ್ನು ತಾವೇ ಬರೆಯಲೆಂದು, ಕಾರ್ಮಿಕರಿಗೆಂದೇ ಒಂದು ಕೈಪಿಡಿ ಬರೆದರು. ಅವರು ಎತ್ತಿಕೊಂಡ ಉದಾಹರಣೆ ಸಿಮೆಂಟ್ ಕಾರ್ಖಾನೆ. ಅದರ ಚರಿತ್ರೆಯನ್ನು ಅದುವರೆಗೆ ಬರೆಸಿದ್ದವರು ಮಾಲೀಕರು. ಅಲ್ಲಿ ದುಡಿದವನಿಗಿಂತ ಆ ಕೆಲಸ ಬಲ್ಲವರು ಬೇರೆ ಯಾರೂ ಇಲ್ಲ, ಆದ್ದರಿಂದ ನಿಂತಲ್ಲೇ ಅಗೆಯಲು ಆತನೇ ಶುರುಮಾಡಲಿ ಎಂಬುದು ಲಿಂಡ್‌ಕ್ವಿಸ್ಟರ ವಾದ. ಈ ದಾರಿಯಲ್ಲಿ ಸಂಬಳವಿಲ್ಲ, ನಿಜ. ಆದರೂ ಸಾರ್ವಜನಿಕ ಇತಿಹಾಸ ಎಂಬ ಹೆಸರಿಗೆ ಹೆಚ್ಚು ಹಕ್ಕಿರುವುದು ಇದಕ್ಕೇ ಎಂದು ನಾನು ನಂಬಿದ್ದೇನೆ.

ಬೆಂಗಳೂರಿನಲ್ಲಿ ಇದಕ್ಕೆ ಸಾಕ್ಷಿ ಇದೆ. ಸುಮಾರು ಕ್ರಿ.ಶ. 750ರದ್ದು ಎನ್ನಲಾದ, ಗಂಗರ ದೊರೆ ಶ್ರೀಪುರುಷನ ಕಾಲದ ಕಿಟ್ಟಯ್ಯನ ವೀರಗಲ್ಲು 2018ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂತು. ಊರು ಕಾಯಲು ಹೋರಾಡಿ ಮಡಿದವನ ಕಲ್ಲು ಅದು. ಅದಕ್ಕೆ ನೆರಳು ಬೇಕೆಂದು ಓಡಾಡಿದವರು ಸುತ್ತಲಿನ ಜನ. ನಗರದ ಶಾಸನಗಳನ್ನು ಹುಡುಕಿ ಉಳಿಸುವ ಕೆಲಸಕ್ಕೆ ಮುಂದಾದ ಪಿ.ಎಲ್. ಉದಯಕುಮಾರ್ ವೃತ್ತಿಯಿಂದ ಎಂಜಿನಿಯರ್. ಈಗ ಬೆಂಗಳೂರಿನ ಮಿಥಿಕ್ ಸೊಸೈಟಿ ಎಂಬ ಸಂಸ್ಥೆಯಲ್ಲಿ ಶಾಸನಗಳ ಮೂರು ಆಯಾಮದ ಸ್ಕ್ಯಾನಿಂಗ್ ನಡೆದಿದೆ. ಸವೆದ ಅಕ್ಷರಗಳನ್ನೂ ಪರದೆಯ ಮೇಲೆ ಬೆಳಕು ಹೊರಳಿಸಿ ಓದಬಹುದು. ಇಂಥ ಕೆಲಸದ ಮುಂಚೂಣಿಯಲ್ಲಿ ನಮ್ಮ ಇತಿಹಾಸ ವಿಭಾಗಗಳ ವಿದ್ಯಾರ್ಥಿಗಳು ಇರಬೇಕಿತ್ತು ಅನ್ನಿಸಿ ನನಗೆ ಸಂಕಟವಾಗುತ್ತದೆ.

ನಮ್ಮಲ್ಲಿ ಇಂಥ ಕೋರ್ಸು ಕಟ್ಟುವವರು ಸಾಂತಾ ಬಾರ್ಬರಾದಿಂದ ಗಡುವನ್ನೂ ಸರಳ ಬರಹವನ್ನೂ ತರಲಿ. ಆದರೆ ವಿದ್ಯಾರ್ಥಿಯನ್ನು ಕಚೇರಿಗೆ ಇಂಟರ್ನ್ ಆಗಿ ಕಳಿಸುವ ಮುಂಚೆ ಒಂದು ಊರಿಗೆ ಕಳಿಸಲಿ. ತಮ್ಮ ಕಲ್ಲು, ಕೆರೆ, ಕಾರ್ಖಾನೆಯ ಬಗ್ಗೆ ಅಲ್ಲಿಯವರಿಗೆ ತಿಳಿಯಬೇಕಾದ್ದು ಏನೆಂದು ಆ ವಿದ್ಯಾರ್ಥಿ ಕೇಳಿಕೊಂಡು ಬರಲಿ. ಬರೆದದ್ದನ್ನು ಮೊದಲು ಅವರೆದುರು ಓದಿ, ಅವರು ತಿದ್ದಿದ ಮೇಲೆಯೇ ಪರೀಕ್ಷಕರಿಗೆ ಒಪ್ಪಿಸಲಿ.