ಮಿರ್ಯಾಮಳ ದಮ್ಮಡಿ, ಕೂಷ್ ಹೆಣ್ಣಿನ ಮೌನ

ಕಳೆದ ತಪಸ್ಸುಕಾಲಕ್ಕೆ ಕೆಲವು ದಿನ ಮುನ್ನ ನಮ್ಮ ಗುರುಮಠದ ದೈವಶಾಸ್ತ್ರ ವಿಭಾಗದ ಬ್ರದರ್‌ಗಳು ಅಮೆರಿಕದ ಕಪ್ಪು ಗಾಯಕಿಯರ ಪರಂಪರೆಯನ್ನು ಗೌರವಿಸುವ ಒಂದು ಸಂಜೆಯನ್ನು ಏರ್ಪಡಿಸಿದ್ದರು. ಪರದೆಯ ಮೇಲೆ ಮಹೇಲಿಯಾ ಜಾಕ್ಸನ್, ಸಿಸ್ಟರ್ ರೊಸೆಟ್ಟಾ ಥಾರ್ಪ್, ಅರೀತಾ ಫ್ರಾಂಕ್ಲಿನ್ ಒಬ್ಬರಾದ ಮೇಲೊಬ್ಬರು ಹಾಡಿದರು. ನಡುನಡುವೆ ಚಿಕ್ಕ ಪರಿಚಯಗಳಿದ್ದವು. ಕೊನೆಗೆ ಎಲ್ಲರೂ ಗಿಟಾರಿನೊಂದಿಗೆ ‘ಕುಂಬಯಾ’ ಹಾಡಿ ಊಟಕ್ಕೆ ಎದ್ದರು. ಕಾರ್ಯಕ್ರಮ ಚೆನ್ನಾಗಿಯೇ ಇತ್ತು. ಅದನ್ನು ಕುರಿತು ಬರೆಯಬೇಕೆಂದು ನನಗೆ ಅನ್ನಿಸಿದ್ದು ಊಟದ ಸಾಲಿನಲ್ಲಿ. ಹಳಿಯಾಳ ತಾಲ್ಲೂಕಿನಿಂದ ಬಂದ, ಸಿದ್ದಿ ಮನೆತನದ ಬ್ರದರ್ ಒಬ್ಬರು ತಟ್ಟೆ ಹಿಡಿದುಕೊಂಡೇ ಹೇಳಿದರು: “ಸ್ವಾಮಿ, ಅವರೆಲ್ಲ ನನ್ನ ಅಜ್ಜಿಯ ಹಾಗೆ ಕಾಣುತ್ತಾರೆ. ಅಜ್ಜಿಯೂ ಹಾಡುತ್ತಾಳೆ. ಆದರೆ ನಮ್ಮ ದೇವಾಲಯದಲ್ಲಿ ಒಮ್ಮೆಯೂ ಹಾಡಿಲ್ಲ.”

ಆ ಸಂಜೆಯ ಗುಣವನ್ನು ಮೊದಲು ಹೇಳುವುದು ನ್ಯಾಯ. ಬ್ರದರ್‌ಗಳು ಆರಿಸಿಕೊಂಡ ಮೂವರೂ ದೈವಶಾಸ್ತ್ರದ ವಿದ್ಯಾರ್ಥಿ ಕೇಳಲೇಬೇಕಾದವರು. ರೊಸೆಟ್ಟಾ ಥಾರ್ಪ್ ಹೆಸರಿನ ಹಿಂದಿರುವ ‘ಸಿಸ್ಟರ್’ ಕನ್ಯಾಮಠದ್ದಲ್ಲ (ಒಬ್ಬ ಬ್ರದರ್ ಹಾಗೆ ತಿಳಿದು ಪರಿಚಯ ಬರೆದಿದ್ದರಂತೆ). ಅದು ಆಕೆ ಬೆಳೆದ ಪೆಂತೆಕೋಸ್ತ ಸಭೆಯ ಸಂಬೋಧನೆ. ತಾಯಿ ಊರೂರು ಅಲೆಯುವ ಸುವಾರ್ತಾ ಪ್ರಸಾರಕಿ. ಮಗಳು 1938ರಲ್ಲಿ ಸಭೆಯ ಹಾಡುಗಳನ್ನೇ ನ್ಯೂಯಾರ್ಕಿನ ಕಾಟನ್ ಕ್ಲಬ್ಬಿನ ವೇದಿಕೆಗೆ ಒಯ್ದಾಗ ಸಭೆಯವರಿಗೆ ಅದು ಹಿಡಿಸಲಿಲ್ಲ. ಆಕೆಯ ಎಲೆಕ್ಟ್ರಿಕ್ ಗಿಟಾರಿನ ಶೈಲಿಯಿಂದ ಕಲಿತ ಗಂಡಸರು ರಾಕ್ ಅಂಡ್ ರೋಲ್‌ನ ಜನಕರೆನಿಸಿಕೊಂಡರು. 1973ರಲ್ಲಿ ತೀರಿಕೊಂಡ ಆಕೆಗೆ ಆ ಸಂಗೀತದ ಕೀರ್ತಿಮಂದಿರದಲ್ಲಿ ಸ್ಥಾನ ದೊರೆತದ್ದು 2018ರಲ್ಲಿ. ಮಹೇಲಿಯಾ ಇದಕ್ಕೆ ವಿರುದ್ಧ ಪ್ರಕೃತಿಯವರು. ಬ್ಲೂಸ್ ಹಾಡಲೊಲ್ಲೆನೆಂದು ಕೊನೆಯವರೆಗೂ ಹಟ ಹಿಡಿದರು. 1971ರಲ್ಲಿ ನಮ್ಮ ದೇಶಕ್ಕೂ ಬಂದು ದೆಹಲಿ, ಕಲ್ಕತ್ತಾ, ಮದ್ರಾಸು, ಮುಂಬಯಿಗಳಲ್ಲಿ ಹಾಡಿದರು. ಮರುವರ್ಷ ಜನವರಿ 27ರಂದು ನಿಧನರಾದರು. ಅದಕ್ಕೆ ಎರಡು ವಾರ ಮುಂಚೆ, ಜನವರಿ 13 ಮತ್ತು 14ರ ರಾತ್ರಿಗಳಂದು, ಲಾಸ್ ಏಂಜಲೀಸಿನ ಒಂದು ಬ್ಯಾಪ್ಟಿಸ್ಟ್ ದೇವಾಲಯದಲ್ಲಿ ಅರೀತಾ ಫ್ರಾಂಕ್ಲಿನ್ ‘ಅಮೇಜಿಂಗ್ ಗ್ರೇಸ್’ ಎಂಬ ಹೆಸರಿನ ಧ್ವನಿಮುದ್ರಿಕೆಗಾಗಿ ಹಾಡಿದ್ದರು. ಮಹೇಲಿಯಾರ ಅಂತ್ಯಸಂಸ್ಕಾರದಲ್ಲಿ ಹಾಡಿದವರೂ ಅರೀತಾ ಅವರೇ.

ಆ ಧ್ವನಿಮುದ್ರಿಕೆಯ ಶೀರ್ಷಿಕೆಗೀತೆಯ ಬಳಿ ಸ್ವಲ್ಪ ನಿಲ್ಲಬೇಕು. ಅದನ್ನು ಬರೆದವನು ಜಾನ್ ನ್ಯೂಟನ್. ಗುಲಾಮರನ್ನು ಸಾಗಿಸುವ ಹಡಗುಗಳ ಕಪ್ತಾನನಾಗಿದ್ದು ಆಮೇಲೆ ಆಂಗ್ಲಿಕನ್ ಪಾದ್ರಿಯಾದವನು. 1748ರ ಬಿರುಗಾಳಿಯಲ್ಲಿ ಅವನ ಮನಪರಿವರ್ತನೆಯಾಯಿತೆಂಬ ಕಥೆಯನ್ನು ನಾವು ಪ್ರಬೋಧನೆಗಳಲ್ಲಿ ಹೇಳುವುದುಂಟು. ಹೇಳದೆ ಬಿಡುವುದು ಇದನ್ನು: ಪರಿವರ್ತನೆಯಾದ ಬಳಿಕವೂ 1754ರವರೆಗೆ ಅವನು ಆ ವ್ಯಾಪಾರದಲ್ಲೇ ಇದ್ದ, ಅದರ ವಿರುದ್ಧ ಬಹಿರಂಗವಾಗಿ ಬರೆದದ್ದು 1788ರಲ್ಲಿ, ನಲವತ್ತು ವರ್ಷಗಳ ಮೇಲೆ. ಹಡಗಿನ ಮೇಲಟ್ಟದಲ್ಲಿ ಕೃಪೆಯ ಅನುಭವ, ಕೆಳಗಿನ ಕತ್ತಲೆಯಲ್ಲಿ ಸಂಕೋಲೆ. ಇವೆರಡರ ನಡುವಿನ ಹಲಗೆ ಎಷ್ಟು ದಪ್ಪವಾಗಿತ್ತು! ಅರೀತಾ ಆ ಗೀತೆಯನ್ನು ಹತ್ತು ನಿಮಿಷಕ್ಕೂ ಮೀರಿ ಹಾಡುತ್ತಾರೆ. ಒಂದೊಂದು ಪದವನ್ನೂ ಎಳೆದು, ಮುರಿದು, ಪದವೇ ಕಾಣದಂತಾಗುವ ತನಕ ಹಿಗ್ಗಿಸುತ್ತಾರೆ. ಅದು ಬರಿಯ ಅಲಂಕಾರವೆಂದು ನನಗೆ ತೋರುವುದಿಲ್ಲ. ಕಪ್ತಾನನ ಸಾಕ್ಷ್ಯವನ್ನು ಹಡಗಿನ ಕೆಳಗಿದ್ದವರ ಮೊಮ್ಮಗಳು ತನ್ನ ಸಾಕ್ಷ್ಯವಾಗಿ ತಿದ್ದಿಕೊಳ್ಳುವ ಕ್ರಮ ಅದು. ವ್ಯಾಖ್ಯಾನಶಾಸ್ತ್ರದ ಪಾಠದಲ್ಲಿ ನಾನು ಇಷ್ಟು ದಿನ ಕೊಟ್ಟ ಉದಾಹರಣೆಗಳಿಗಿಂತ ಇದು ಉತ್ತಮವಾದುದು.

ಬ್ರದರ್‌ಗಳ ಪರಿಚಯ ಬರಹಗಳಲ್ಲಿ ಜೇಮ್ಸ್ ಕೋನ್ ಹೆಸರು ಮೂರು ಬಾರಿ ಬಂತು. ಸ್ಪಿರಿಚುವಲ್ ಗೀತೆಗಳನ್ನೂ ಬ್ಲೂಸನ್ನೂ ಕುರಿತ ಅವರ ಪುಸ್ತಕ 1972ರದು. ಗುಲಾಮರ ಹಾಡೇ ದೈವಶಾಸ್ತ್ರದ ಆಕರವೆಂದು ಅದು ನಮಗೆ ಕಲಿಸಿತು. ಆದರೆ ಕಪ್ಪು ದೈವಶಾಸ್ತ್ರದಲ್ಲಿ ಕಪ್ಪು ಹೆಣ್ಣು ಎಲ್ಲಿದ್ದಾಳೆಂದು ಜ್ಯಾಕ್ಲಿನ್ ಗ್ರಾಂಟ್ 1979ರಲ್ಲೇ ಕೇಳಿದರು. ಆ ಕೊರತೆಯನ್ನು ಕೋನ್ ಮುಂದೆ ತಾವಾಗಿ ಒಪ್ಪಿಕೊಂಡರು. ಡೆಲೊರಿಸ್ ವಿಲಿಯಮ್ಸ್ 1993ರಲ್ಲಿ ಹಾಗರಳ ಕಥೆಯನ್ನು ಮುಂದಿಟ್ಟು ಇನ್ನೂ ಕಠಿಣವಾದ ಮಾತನ್ನಾಡಿದರು: ವಿಮೋಚನಕಾಂಡದ ದೇವರು ಇಸ್ರಯೇಲರನ್ನು ಬಿಡಿಸಿದರು, ಹಾಗರಳನ್ನು ಬಿಡಿಸಲಿಲ್ಲ, ಒಡತಿಯ ಬಳಿಗೇ ಹಿಂದಿರುಗಿ ಕಳಿಸಿದರು. ಮರುಭೂಮಿಯಲ್ಲಿ ಆಕೆಗೆ ದೊರೆತದ್ದು ನೀರು, ಬದುಕುಳಿಯುವ ದಾರಿ. ಬಿಡುಗಡೆಯೇ ದೇವರ ಏಕೈಕ ಭಾಷೆಯೆಂದು ಉಪನ್ಯಾಸ ಮಾಡುವ ನನ್ನಂಥವರಿಗೆ ಇದು ಸುಲಭವಾಗಿ ಜೀರ್ಣವಾಗುವ ಮಾತಲ್ಲ. ಗಾಯಕಿಯರನ್ನು ಕುರಿತು ಮಾತನಾಡುವಾಗ ಈ ಇಬ್ಬರು ಲೇಖಕಿಯರನ್ನು ಬಿಟ್ಟು ಕೋನ್ ಒಬ್ಬರನ್ನೇ ಉಲ್ಲೇಖಿಸಿದ್ದು ಆ ಸಂಜೆಯ ಮೊದಲ ದೋಷ.

ಎರಡನೆಯದು ಹೆಚ್ಚು ಆಳದ್ದು. ಅದನ್ನು ಹೇಳಲು ಪವಿತ್ರ ಗ್ರಂಥದ ಎರಡು ಸ್ಥಳಗಳನ್ನು ಒಟ್ಟಿಗೆ ಓದಬೇಕು.

ಕೆಂಪು ಸಮುದ್ರವನ್ನು ದಾಟಿದ ಮೇಲೆ ಮಿರ್ಯಾಮಳು ದಮ್ಮಡಿ ಹಿಡಿಯುತ್ತಾಳೆ, ಹೆಂಗಸರೆಲ್ಲ ಕುಣಿಯುತ್ತ ಹಿಂದೆ ಹೋಗುತ್ತಾರೆ. ವಿಮೋಚನಕಾಂಡ 15ರಲ್ಲಿ ಮೋಶೆಯ ಹೆಸರಿನಲ್ಲಿ ಹದಿನೆಂಟು ವಚನಗಳ ಹಾಡಿದೆ. ಮಿರ್ಯಾಮಳಿಗೆ ಉಳಿದದ್ದು ಒಂದೇ ವಚನ. ಹಾಡು ಮೂಲತಃ ಆಕೆಯದೇ ಎಂದು ವಾದಿಸುವ ವಿದ್ವಾಂಸರಿದ್ದಾರೆ. ಕಪ್ಪು ಗಾಯಕಿಯರ ಕಥೆಗೆ ಇದನ್ನು ಹೋಲಿಸುವುದು ಸುಲಭ. ಅಂದು ಸಂಜೆ ಒಬ್ಬರು ಹೋಲಿಸಿದರೂ ಸಹ. ಆದರೆ ಸಂಖ್ಯಾಕಾಂಡ 12ಕ್ಕೆ ಬನ್ನಿ. ಅಲ್ಲಿ ಇದೇ ಮಿರ್ಯಾಮಳು, ಆರೋನನೊಡನೆ, ಮೋಶೆ ಮದುವೆಯಾದ ಕೂಷ್ ದೇಶದ ಹೆಣ್ಣಿನ ವಿಷಯವಾಗಿ ಗೊಣಗುತ್ತಾಳೆ. ಕೂಷ್ ಎಂದರೆ ಈಜಿಪ್ಟಿನ ದಕ್ಷಿಣದ ಕಪ್ಪುಜನರ ನಾಡು. (ಆಕೆ ಮಿದ್ಯಾನಿನ ಚಿಪ್ಪೋರಳೇ ಎಂಬ ಅಭಿಪ್ರಾಯವೂ ಇದೆ; ಪಠ್ಯದ ಸಹಜ ಓದಿಗೆ ಅದು ನನಗೆ ಒಗ್ಗುವುದಿಲ್ಲ.) ಮಿರ್ಯಾಮಳ ಚರ್ಮ ತೊನ್ನಿನಿಂದ ಹಿಮದಂತೆ ಬೆಳ್ಳಗಾಗುತ್ತದೆ. ಆರೋನ ಬೇಡುತ್ತಾನೆ, ಮೋಶೆ ಪ್ರಾರ್ಥಿಸುತ್ತಾನೆ, ದೇವರು ಮಾತನಾಡುತ್ತಾರೆ, ಜನ ಏಳು ದಿನ ಕಾಯುತ್ತಾರೆ. ಇಡೀ ಅಧ್ಯಾಯದಲ್ಲಿ ಬಾಯಿ ತೆರೆಯದವಳು ಒಬ್ಬಳೇ, ಕೂಷ್ ದೇಶದವಳು. ಆಕೆಯ ಹೆಸರನ್ನು ಸಹ ಯಾರೂ ಬರೆದಿಡಲಿಲ್ಲ. ಆಕೆಗೂ ಒಂದು ಹಾಡಿತ್ತೇ? ಬಿಡುಗಡೆಯ ಗಾಯಕಿಯೇ ಮನೆಗೆ ಬಂದ ಕಪ್ಪು ಹೆಣ್ಣನ್ನು ಸಹಿಸಲಾರಳು: ಪವಿತ್ರ ಗ್ರಂಥ ಇದನ್ನು ಮುಚ್ಚಿಡುವುದಿಲ್ಲ. ನಾವು ದೂರದ ಹಾಡನ್ನು ಸಂಭ್ರಮಿಸುವವರು ಮಿರ್ಯಾಮಳ ಸ್ಥಾನದಲ್ಲಿದ್ದೇವೆ ಎಂಬುದು ನನ್ನ ಆಕ್ಷೇಪದ ತಿರುಳು.

ನಮ್ಮ ಮನೆಯ ಕೂಷ್ ಹೆಣ್ಣು ಯಾರೆಂಬುದು ಗುಟ್ಟಲ್ಲ. ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ತಂದವರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಇಂದು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾಗಳಲ್ಲಿರುವ ಸಿದ್ದಿಗಳಲ್ಲಿ ಬಹುಪಾಲು ಅವರ ಸಂತತಿ. ಹಿಂದೂಗಳು, ಮುಸ್ಲಿಮರು, ಕಥೋಲಿಕರು ಮೂವರೂ ಅವರಲ್ಲಿದ್ದಾರೆ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಕಥೋಲಿಕ ಸಿದ್ದಿಗಳು ಹೆಚ್ಚಾಗಿ ಹಳಿಯಾಳದ ಸುತ್ತ ಇದ್ದಾರೆ. ಅಂದರೆ ಬೆಂಗಳೂರು ಪ್ರಾಂತ್ಯಕ್ಕೇ ಸೇರಿದ ಕಾರವಾರ ಧರ್ಮಕ್ಷೇತ್ರದಲ್ಲಿ. ಇವರ ಪೂರ್ವಜರ ದಾಸ್ಯಕ್ಕೆ ನಮ್ಮ ಧರ್ಮಸಭೆಯ ಮೊಹರೂ ಇತ್ತೆಂಬುದನ್ನು ಧರ್ಮಸಭೆಯ ಚರಿತ್ರೆಯ ತರಗತಿಯಲ್ಲಿ ಮೆಲ್ಲಗೆ ಹೇಳಿ ಮುಂದೆ ಹೋಗುತ್ತೇವೆ: 1455ರ ಐದನೆಯ ನಿಕೋಲಾಸರ ಆಜ್ಞಾಪತ್ರ ಪೋರ್ಚುಗಲ್ಲಿನ ದೊರೆಗೆ ಕೊಟ್ಟ ಅಧಿಕಾರಗಳಲ್ಲಿ ಜನರನ್ನು ಶಾಶ್ವತ ದಾಸ್ಯಕ್ಕೆ ಒಳಪಡಿಸುವುದೂ ಸೇರಿತ್ತು. ಅಂಥ ಆಜ್ಞಾಪತ್ರಗಳ ಮೇಲೆ ಕಟ್ಟಿದ ‘ಅನ್ವೇಷಣೆಯ ಸಿದ್ಧಾಂತ’ವನ್ನು ವ್ಯಾಟಿಕನ್ ಬಹಿರಂಗವಾಗಿ ತಳ್ಳಿಹಾಕಿದ್ದು 2023ರ ಮಾರ್ಚಿನಲ್ಲಿ. ಜಾನ್ ನ್ಯೂಟನ್ ನಲವತ್ತು ವರ್ಷ ತೆಗೆದುಕೊಂಡನೆಂದು ಮೇಲೆ ಬರೆದಾಗ ಈ ಲೆಕ್ಕವೂ ನನ್ನ ಮನಸ್ಸಿನಲ್ಲಿತ್ತು.

ಸಿದ್ದಿ ಹೆಂಗಸರ ಕೊರಳು ಕನ್ನಡದ ಜನಪ್ರಿಯ ಸಂಗೀತಕ್ಕೆ ಈಗಾಗಲೇ ಬಂದಿದೆ. 2021ರಲ್ಲಿ ತೆರೆಕಂಡ, ದುನಿಯಾ ವಿಜಯ್ ನಿರ್ದೇಶನದ ‘ಸಲಗ’ ಚಿತ್ರಕ್ಕೆ ಚರಣ್ ರಾಜ್ ಸಂಗೀತ. ಅದರ ‘ಟಿಣಿಂಗ ಮಿಣಿಂಗ ಟಿಶ್ಯಾ’ ಹಾಡಿನಲ್ಲಿ ಗಿರಿಜಾ ಸಿದ್ದಿ, ಗೀತಾ ಸಿದ್ದಿ ಅವರ ಧ್ವನಿಗಳಿವೆ. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಿಂದ ದೇವನಹಳ್ಳಿಯ ಟ್ಯಾಕ್ಸಿಗಳವರೆಗೆ ಅದು ಕೇಳಿಬಂದ ತಿಂಗಳುಗಳು ನನಗೆ ನೆನಪಿವೆ. ಹಾಡು ಕೇಳಿದಾಗ ಮೊದಲು ಹಿಡಿಯುವುದು ಆ ಕೊರಳುಗಳ ಒರಟುತನ. ಚಿತ್ರಸಂಗೀತ ದಶಕಗಳಿಂದ ಗಾಯಕಿಗೆ ವಿಧಿಸಿದ ನಯವನ್ನು ಅವು ಲೆಕ್ಕಿಸುವುದಿಲ್ಲ. ಒಬ್ಬಳ ದನಿಯಲ್ಲಿ ಇನ್ನೊಬ್ಬಳ ದನಿ ಕರಗುವುದೂ ಇಲ್ಲ, ಪಕ್ಕದಲ್ಲಿ ನಿಲ್ಲುತ್ತದೆ. ಹಾಡನ್ನು ಮೆಚ್ಚಿದೆ, ಇಂದೂ ಮೆಚ್ಚುತ್ತೇನೆ. ಆದರೆ ಚಿತ್ರದ ಕಥೆ ಬೆಂಗಳೂರಿನ ಭೂಗತಲೋಕದ್ದು. ಸಿದ್ದಿಗಳ ಬದುಕು ಅದರ ವಸ್ತುವಲ್ಲ. ಕೊರಳು ಬಂತು, ಕಥೆ ಹೊರಗುಳಿಯಿತು. ಇದಕ್ಕಾಗಿ ಚಿತ್ರತಂಡವನ್ನು ದೂರುವ ಅಧಿಕಾರ ನಮಗಿಲ್ಲ. ಅವರು ಹಾಡುವ ಅವಕಾಶವನ್ನಾದರೂ ಕೊಟ್ಟರು. ನಾವು ಕೊಟ್ಟದ್ದೇನು?

ಪೂಜಾವಿಧಿಯ ಸಂವಿಧಾನ 1963ರಲ್ಲೇ, ತನ್ನ 119ನೆಯ ಪರಿಚ್ಛೇದದಲ್ಲಿ, ಜನಾಂಗಗಳ ಸ್ವಂತ ಸಂಗೀತಕ್ಕೆ ಆರಾಧನೆಯಲ್ಲಿ ತಕ್ಕ ಸ್ಥಾನ ಕೊಡಬೇಕೆಂದಿತು. ಆ ಹಾದಿಯಲ್ಲಿ 1967ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಹಾಗೂ ಆರಾಧನಾ ಕೇಂದ್ರ ಮಾಡಿದ ಕೆಲಸಕ್ಕೆ ನನ್ನ ಪೀಳಿಗೆಯ ಗುರುಗಳೆಲ್ಲ ಋಣಿಗಳು. ಆದರೂ ‘ಭಾರತೀಯ’ ಎಂದು ನಾವು ಬಲಿಪೀಠದ ಬಳಿಗೆ ತಂದದ್ದು ಬಹುಮಟ್ಟಿಗೆ ಶಾಸ್ತ್ರೀಯ ರಾಗ, ಆರತಿ, ಭರತನಾಟ್ಯ. ಈ ಆಯ್ಕೆಯ ಜಾತಿಯನ್ನು ದಲಿತ ದೈವಶಾಸ್ತ್ರಜ್ಞರು ಬಹಳ ಹಿಂದೆಯೇ ಗುರುತಿಸಿದರು. ಸತಿಯನಾಥನ್ ಕ್ಲಾರ್ಕ್ 1998ರಲ್ಲಿ ಪರೆಯ ಸದ್ದಿನಲ್ಲಿ ಕ್ರಿಸ್ತನನ್ನು ಹುಡುಕಿದ್ದು ದೊಡ್ಡ ಹೆಜ್ಜೆ. ಆದರೆ ಪರೆ ಬಾರಿಸುವ ಕೈ ಸಾಮಾನ್ಯವಾಗಿ ಗಂಡಸಿನದು. ಅದರ ಪಕ್ಕದಲ್ಲಿ ಅಳುತ್ತ ಹಾಡುವ ಹೆಣ್ಣಿಗೆ ಆ ಓದಿನಲ್ಲಿ ಇನ್ನೂ ಹೆಚ್ಚು ಜಾಗ ಬೇಕಿತ್ತು. ಸಿದ್ದಿಗಳ ದಮಾಮಿ ಕುಣಿತವನ್ನು ನಾವು ನೆನೆಯುವುದು ವೇದಿಕೆಯ ಮೆರವಣಿಗೆಗೆ ಬಣ್ಣ ಬೇಕಾದಾಗ. ಬೈಬಲಿನ ದಮ್ಮಡಿಗೂ ಸಿದ್ದಿಗಳ ದಮಾಮಿಗೂ ಪದಸಂಬಂಧ ಹುಡುಕುವ ಚಪಲ ನನಗಿಲ್ಲ. ಕಿವಿಗೆ ಹತ್ತಿರವೆನಿಸುತ್ತದೆ, ಅಷ್ಟೇ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಸಿದ್ದಿ ಹೆಂಗಸರ ಹಾಡೆಲ್ಲ ಸ್ಪಿರಿಚುವಲ್ ಅಲ್ಲ. ಅದು ಗದ್ದೆಯದು, ಮದುವೆಯದು, ಮಗುವಿನದು, ಮೂರೂ ಧರ್ಮದವರು ಹಂಚಿಕೊಂಡದ್ದು. ಅವರು ಹರಿದ ಬಟ್ಟೆಗಳಿಂದ ಹೊಲಿಯುವ ಕೌದಿಯಲ್ಲಿ ಕಥೋಲಿಕಳು ಶಿಲುಬೆಯನ್ನೂ ಮುಸ್ಲಿಮಳು ಅರ್ಧಚಂದ್ರವನ್ನೂ ಸೇರಿಸುವುದುಂಟು. ಮೂಲೆಗೆ ಹಾಕುವ ‘ಫುಲ’ ಎಂಬ ಪುಟ್ಟ ಮಡಿಕೆ ಮಾತ್ರ ಎಲ್ಲರದೂ ಒಂದೇ, ಅದಿಲ್ಲದಿದ್ದರೆ ಕೌದಿ ಬೆತ್ತಲೆಯಂತೆ. ಹಾಡನ್ನೂ ಹಾಗೆಯೇ ನೋಡಬೇಕು. ಸಿಕ್ಕಿದ್ದಕ್ಕೆಲ್ಲ ದೀಕ್ಷಾಸ್ನಾನ ಕೊಡಿಸಿ ‘ಕಪ್ಪು ದೈವಶಾಸ್ತ್ರ’ ಎಂದು ಚೀಟಿ ಅಂಟಿಸಿದರೆ ಅದು ಇನ್ನೊಂದು ಬಗೆಯ ಕಸಿದುಕೊಳ್ಳುವಿಕೆ.

ಇದೆಲ್ಲ ದೂರದ ಕಾಡಿನ ಸಂಗತಿಯೆಂದುಕೊಳ್ಳುವವರು ಹೆಸರಘಟ್ಟ ರಸ್ತೆಯನ್ನು ನೆನೆಯಲಿ. ನೆಲಮಂಗಲದ ಕಡೆಯಿಂದ ಅದೇನೂ ದೂರವಿಲ್ಲ. 2016ರ ಜನವರಿ ಕೊನೆಯ ದಿನ ಅಲ್ಲೊಂದು ಕಾರು ಅಪಘಾತ, ಕಾರಿನಲ್ಲಿದ್ದವನು ಸೂಡಾನಿನವನು. ಸ್ವಲ್ಪ ಹೊತ್ತಿನ ಮೇಲೆ ಆ ದಾರಿಯಲ್ಲಿ ಬಂದ, ಅಪಘಾತಕ್ಕೆ ಯಾವ ಸಂಬಂಧವೂ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪೊಂದು ಹೊಡೆದು ಬಟ್ಟೆ ಹರಿದು ಅವಮಾನಿಸಿತು. ಚರ್ಮದ ಬಣ್ಣವೊಂದೇ ಆಕೆಯ ಅಪರಾಧ. ಅದರ ಮುಂದಿನ ಭಾನುವಾರ ನಾನು ಎರಡು ಬಲಿಪೂಜೆಗಳನ್ನು ಅರ್ಪಿಸಿದೆ. ಎರಡರಲ್ಲೂ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಆಕೆಯನ್ನು ನೆನೆಯಲಿಲ್ಲ. ಹೊಳೆಯಲಿಲ್ಲವೆಂದು ಹೇಳಲಾರೆ, ಜನ ಏನೆನ್ನುತ್ತಾರೋ ಎಂದು ಸುಮ್ಮನಾದೆ.

ದೊಡ್ಡಬಳ್ಳಾಪುರ ತಾಲ್ಲೂಕಿನ ನನ್ನ ಉಪಕೇಂದ್ರದಲ್ಲಿಯೂ ಇದೇ ಕಥೆಯ ಚಿಕ್ಕ ರೂಪವಿದೆ. ಮದುವೆಯ ಹಿಂದಿನ ರಾತ್ರಿ ಚಪ್ಪರದಡಿ ಸೋಬಾನೆ ಹೇಳುವ ಹೆಂಗಸರು ಬೆಳಿಗ್ಗೆ ಪೂಜೆಯಲ್ಲಿ ಬಾಯಿ ಬಿಡುವುದಿಲ್ಲ. ಕೀಬೋರ್ಡ್ ನುಡಿಸುವ ಹುಡುಗ ಶ್ರುತಿ ಇಟ್ಟ ಎತ್ತರಕ್ಕೆ ಅವರ ಕೊರಳು ಏರದು. ಶ್ರುತಿಯನ್ನು ಒಂದೂವರೆ ಮನೆ ಇಳಿಸು ಎಂದು ಅವನಿಗೆ ಹೇಳಲು ನನಗೆ ಆರು ವರ್ಷ ಹಿಡಿಯಿತು.

ಹಳಿಯಾಳದ ಬ್ರದರ್ ಈ ಬೇಸಿಗೆ ರಜೆಯಲ್ಲಿ ಅಜ್ಜಿಯ ಹಾಡುಗಳನ್ನು ಬರೆದುಕೊಂಡು ಬಂದಿದ್ದಾರೆ; ಸಿದ್ದಿಗಳ ಕೊಂಕಣಿಯಲ್ಲಿ, ಕನ್ನಡ ಲಿಪಿಯಲ್ಲಿ. ಮಾ ರೈನಿ ಮತ್ತು ಬೆಸ್ಸಿ ಸ್ಮಿತ್ ಅವರ ಹಳೆಯ ಧ್ವನಿಮುದ್ರಿಕೆಗಳಿಗೆ ಕಿವಿಗೊಟ್ಟು ಆಂಜೆಲಾ ಡೇವಿಸ್ ಅವರ ಹಾಡುಗಳನ್ನೆಲ್ಲ ಬರೆದಿಟ್ಟ ಪುಸ್ತಕವನ್ನು ನಾನು ಅವರಿಗೆ ಮಾದರಿಯಾಗಿ ಕೊಟ್ಟಿದ್ದೆ. ಹನ್ನೊಂದು ಹಾಡುಗಳಾಗಿವೆ. ಅವುಗಳಲ್ಲಿ ಎರಡನ್ನು ದೇವಾಲಯದೊಳಗೆ ಹಾಡಕೂಡದೆಂದು ಅಜ್ಜಿಯ ಕಟ್ಟಪ್ಪಣೆ. ಕಾರಣವನ್ನು ಆಕೆ ಮೊಮ್ಮಗನಿಗೆ ಹೇಳಿಲ್ಲ. ಸ್ವಾಮಿಗಳೇ ಬಂದು ಕೇಳಿದರೆ ಹೇಳುತ್ತಾರಂತೆ. ದಸರೆಯ ರಜೆಗೆ ಹೊರಡಬೇಕೆಂದಿದ್ದೇನೆ.